ನಿಷ್ಪ್ರತೀಕಾರದ ಗಡಿ: ಹೃದಯ ಚಿಕಿತ್ಸೆಯ ಇತಿಹಾಸ ಮತ್ತು ಶ್ರಾವಕನ ವಿವೇಕ

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಆದರೆ ಈ ನಾಲ್ಕಕ್ಕೂ ಅವರು ಒಂದು ವಿಶೇಷಣವನ್ನು ಸೇರಿಸಿದ್ದಾರೆ. ಅದು 'ನಿಷ್ಪ್ರತೀಕಾರ' ಎಂಬುದು. ಪರಿಹಾರವಿಲ್ಲದ, ಉಪಾಯ ಕಾಣದ ಸ್ಥಿತಿ ಎಂದು ಅದರ ಅರ್ಥ. ಪರಿಹಾರವುಳ್ಳ ರೋಗದಲ್ಲಿ ದೇಹವನ್ನು ತ್ಯಜಿಸುವುದು ಆಚಾರ್ಯರಿಗೆ ಸಮ್ಮತವಲ್ಲ. ಪರಿಹಾರವಿಲ್ಲದ ರೋಗದಲ್ಲಿ ದೇಹಕ್ಕೆ ಜೋತುಬೀಳುವುದೂ ಅವರಿಗೆ ಸಮ್ಮತವಲ್ಲ. ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬುದನ್ನು ಕಾಣುವುದೇ ಶ್ರಾವಕನ ವಿವೇಕ.

ಈ ಗಡಿಯನ್ನು ಶಾಸ್ತ್ರವು ಒಂದು ಸಲ ಗುರುತಿಸಿ ಮುಗಿಸಿಲ್ಲ. ಅದು ಕಾಲದಿಂದ ಕಾಲಕ್ಕೆ ಸರಿಯುತ್ತದೆ. ಇಂದು ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹೃದಯರೋಗದ ಸಂದರ್ಭದಲ್ಲಿಯೇ ಬಹಳವಾಗಿ ಏಳುತ್ತದೆ. ಎಂಬತ್ತು ದಾಟಿದ ಹಿರಿಯರಿಗೆ ಬೈಪಾಸ್ ಮಾಡಿಸಬೇಕೇ? ಹರೆಯದ ಸೊಸೆಯ ಎದೆಯಲ್ಲಿ ಕೆಟ್ಟ ಕವಾಟವನ್ನು ಬದಲಿಸುವಾಗ ಪ್ರಾಣಿಯ ಅಂಗದಿಂದ ಮಾಡಿದ ಕವಾಟವನ್ನು ಒಪ್ಪಬಹುದೇ? ಬಸದಿಯ ಟ್ರಸ್ಟಿನ ಔಷಧದಾನದ ನಿಧಿಯನ್ನು ಎಲ್ಲಿ ವಿನಿಯೋಗಿಸಬೇಕು? ಇವುಗಳಿಗೆ ಉತ್ತರ ಹುಡುಕಲು ಧರ್ಮದ ತಿಳಿವಳಿಕೆಯಷ್ಟೇ ಸಾಲದು. ಈ ಚಿಕಿತ್ಸೆಗಳು ಏನನ್ನು ಕೊಟ್ಟಿವೆ, ಏನನ್ನು ಕಿತ್ತುಕೊಂಡಿವೆ ಎಂಬ ಇತಿಹಾಸದ ತಿಳಿವಳಿಕೆಯೂ ಬೇಕು.

ಗುರುಗಳು ಒಪ್ಪದ ಸಲ್ಲೇಖನ

ಸಮಂತಭದ್ರರ ಬಾಳಿನಲ್ಲಿಯೇ ಈ ಗಡಿಯ ಪ್ರಶ್ನೆ ಎದುರಾಗಿತ್ತೆಂದು ಪರಂಪರೆಯ ಕಥೆ ಹೇಳುತ್ತದೆ. ಅವರಿಗೆ ಭಸ್ಮಕ ವ್ಯಾಧಿ ತಗುಲಿತು. ಎಷ್ಟು ಉಂಡರೂ ಇಂಗದ ಹಸಿವು ಅದು. ಮುನಿಯ ಆಹಾರ ನಿಯಮದಲ್ಲಿ ಅದನ್ನು ತಣಿಸುವುದು ಅಸಾಧ್ಯವಾದಾಗ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಈ ರೋಗ ವಾಸಿಯಾಗತಕ್ಕದ್ದು, ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಉಳಿದಿದೆ, ಬೇಕಾದರೆ ಮುನಿವೇಷವನ್ನು ಬಿಟ್ಟು ಚಿಕಿತ್ಸೆ ಮಾಡಿಕೊಂಡು ಮತ್ತೆ ದೀಕ್ಷೆ ಪಡೆ ಎಂಬುದು ಅವರ ಆಜ್ಞೆಯ ತಾತ್ಪರ್ಯ. ಸಮಂತಭದ್ರರು ಹಾಗೆಯೇ ನಡೆದು, ವ್ಯಾಧಿಯಿಂದ ಮುಕ್ತರಾಗಿ ಮತ್ತೆ ಮುನಿಗಳಾದರು.

ನಿಷ್ಪ್ರತೀಕಾರ ಎಂಬ ಷರತ್ತನ್ನು ನಮಗೆ ಕೊಟ್ಟ ಆಚಾರ್ಯರೇ ಆ ಷರತ್ತಿಗೆ ಒಳಪಟ್ಟವರೆಂದು ನಮ್ಮ ಹಿರಿಯರು ನಂಬಿದ್ದರು ಎಂಬುದು ಗಮನಾರ್ಹ. ವ್ರತಕ್ಕೆ ತಾತ್ಕಾಲಿಕ ಲೋಪ ಬಂದರೂ ಸರಿಯೇ, ವಾಸಿಯಾಗುವ ರೋಗಕ್ಕೆ ಚಿಕಿತ್ಸೆ ಮೊದಲು ಎಂಬುದು ಈ ಕಥೆಯ ಸಾರ. ಧರ್ಮದ ಹೆಸರಿನಲ್ಲಿ ಚಿಕಿತ್ಸೆಯನ್ನು ನಿರಾಕರಿಸಲು ಹೊರಡುವ ಕುಟುಂಬಗಳು ಇದನ್ನು ಮರೆಯಬಾರದು.

ಕಲ್ಯಾಣದ ನಾಡಿನ ವೈದ್ಯಪರಂಪರೆ

ಚಿಕಿತ್ಸೆಯನ್ನು ಒಪ್ಪಿದ ಜೈನರು ಚಿಕಿತ್ಸೆಯ ಸಾಧನಗಳನ್ನು ಮಾತ್ರ ಪರೀಕ್ಷಿಸದೆ ಒಪ್ಪಿದವರಲ್ಲ. ಈ ಪರೀಕ್ಷೆಯ ದೊಡ್ಡ ದಾಖಲೆಗಳು ಇಂದಿನ ಕಲ್ಯಾಣ ಕರ್ನಾಟಕದಲ್ಲಿಯೇ ಹುಟ್ಟಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿ 9ನೆಯ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಉಗ್ರಾದಿತ್ಯಾಚಾರ್ಯರು ಔಷಧದಲ್ಲಿ ಮಾಂಸದ ಬಳಕೆ ಅನಾವಶ್ಯಕವೆಂದು ವೈದ್ಯರ ಮುಂದೆ ವಾದಿಸಿದರು. ಆ ವಾದ ಅವರ ಸಂಸ್ಕೃತ ಗ್ರಂಥವಾದ ಕಲ್ಯಾಣಕಾರಕದ ಕೊನೆಗೆ ಹಿತಾಹಿತಾಧ್ಯಾಯವೆಂದು ಸೇರಿದೆ. ಅದೇ ಗ್ರಂಥದಲ್ಲಿ ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ನೆನೆಯುವಾಗ ಶಲ್ಯತಂತ್ರವನ್ನು ರಚಿಸಿದವರು ಪಾತ್ರಸ್ವಾಮಿಗಳೆಂದು ಅವರು ಹೇಳುತ್ತಾರೆ. ಶಲ್ಯತಂತ್ರವೆಂದರೆ ಶಸ್ತ್ರಚಿಕಿತ್ಸೆ. ಆ ಗ್ರಂಥ ನಮಗೆ ಉಳಿದು ಬಂದಿಲ್ಲ. ಆದರೆ ದೇಹವನ್ನು ಕೊಯ್ದು ಗುಣಪಡಿಸುವ ವಿದ್ಯೆ ಜೈನರಿಗೆ ನಿಷಿದ್ಧವಾಗಿರಲಿಲ್ಲವೆಂಬುದಕ್ಕೆ ಅದರ ಹೆಸರೇ ಸಾಕ್ಷಿ.

ಮುಂದೆ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದನು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಆ ಅರಸನ ಮಗನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಎಂದು ವಿದ್ವಾಂಸರು ಗುರುತಿಸಿರುವ ಜೈನ ಕವಿ ಕೀರ್ತಿವರ್ಮನು 12ನೆಯ ಶತಮಾನದ ಮೊದಲ ಭಾಗದಲ್ಲಿ ಗೋವೈದ್ಯವೆಂಬ ಕನ್ನಡ ಗ್ರಂಥವನ್ನು ಬರೆದನು. ಗೋವುಗಳ ರೋಗಗಳಿಗೆ ಚಿಕಿತ್ಸೆ ಹೇಳುವ ಗ್ರಂಥ ಅದು. ಅದೇ ಶತಮಾನದ ನಡುವಿನಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಮದ್ಯ ಮಾಂಸಗಳನ್ನು ಬಿಟ್ಟ ಚಿಕಿತ್ಸೆ ಅಲ್ಲಿಯ ವಿಶೇಷ. ಒಬ್ಬನು ಗೋವಿಗೆ ವೈದ್ಯನಾದ. ಇನ್ನೊಬ್ಬನು ಗೋವನ್ನಾಗಲಿ ಬೇರೆ ಜೀವವನ್ನಾಗಲಿ ಔಷಧವಾಗಿಸದ ವೈದ್ಯವನ್ನು ಕಲಿಸಿದ. ಇಂದು ಗೋವಿನ ಹೃದಯಾವರಣದ ಪೊರೆಯಿಂದ ಮನುಷ್ಯನಿಗೆ ಕವಾಟ ಹೊಲಿಯುವ ಕಾಲದಲ್ಲಿ ಇವರಿಬ್ಬರ ನೆನಪು ಬರಿಯ ಸಾಹಿತ್ಯ ಚರಿತ್ರೆಯ ವಿಷಯವಲ್ಲ.

ಹೈದರಾಬಾದಿನ ಕ್ಲೋರೋಫಾರ್ಮ್ ಪ್ರಯೋಗ

ಕಲ್ಯಾಣವೂ ಹುಮನಾಬಾದೂ ಸೇರಿದಂತೆ ಬೀದರ್ ಪ್ರಾಂತವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಆ ರಾಜಧಾನಿಯಲ್ಲಿ ಹೃದಯವನ್ನು ಕುರಿತ ಒಂದು ಜಗತ್ಪ್ರಸಿದ್ಧ ವಿವಾದ ನಡೆಯಿತು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸಾಯುತ್ತಿದ್ದರು. ಸಾವು ಹೃದಯ ನಿಂತು ಬರುವುದೋ ಉಸಿರು ನಿಂತು ಬರುವುದೋ ಎಂಬುದು ಪ್ರಶ್ನೆ. ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಯವರು ಹೃದಯಕ್ಕೆ ಯಾವ ಅಪಾಯವೂ ಇಲ್ಲ, ಉಸಿರನ್ನು ಗಮನಿಸಿದರೆ ಸಾಕು ಎಂದು ದೃಢವಾಗಿ ನಂಬಿದ್ದರು. 1888ರಲ್ಲಿ ಮೊದಲನೆಯ ಆಯೋಗ, 1889ರಲ್ಲಿ ಎರಡನೆಯ ಆಯೋಗ ಕುಳಿತವು. ನಿಜಾಮ ಸರ್ಕಾರ ಹಣ ಒದಗಿಸಿತು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವಿಜ್ಞಾನಿ ಬಂದರು. ನೂರಾರು ನಾಯಿಗಳು ಮತ್ತು ಇತರ ಪ್ರಾಣಿಗಳು ಈ ಪ್ರಯೋಗಗಳಲ್ಲಿ ಸತ್ತವು. ಕೊನೆಗೆ ಆಯೋಗವು ಲಾರಿಯವರ ಮತವನ್ನೇ ಎತ್ತಿಹಿಡಿಯಿತು.

1911ರಲ್ಲಿ ಗುಡ್‌ಮನ್ ಲೆವಿಯವರು ಕ್ಲೋರೋಫಾರ್ಮಿನ ಲಘು ಅಮಲಿನಲ್ಲಿ ಹೃದಯವು ಲಯ ತಪ್ಪಿ ಕಂಪಿಸಿ ಹಠಾತ್ತನೆ ನಿಲ್ಲಬಲ್ಲದೆಂದು ತೋರಿಸಿದರು. ಹೈದರಾಬಾದಿನ ನಿರ್ಣಯ ಅಪೂರ್ಣವಾಗಿತ್ತೆಂದು ಆಗ ವಿದಿತವಾಯಿತು. ಇಲ್ಲಿ ಎರಡು ಪಾಠಗಳಿವೆ. ಅಷ್ಟು ಜೀವಗಳ ಬಲಿಯೂ ಸತ್ಯವನ್ನು ಖಾತ್ರಿಪಡಿಸಲಿಲ್ಲ. ಅಲ್ಲದೆ ತಾನು ಮಾಡುವ ಚಿಕಿತ್ಸೆಯಲ್ಲಿ ಅಪಾಯವಿಲ್ಲವೆಂದು ಮೊದಲೇ ನಿಶ್ಚಯಿಸಿದವನಿಗೆ ಎದುರಿನ ಸಾವುಗಳು ಕಾಣುವುದಿಲ್ಲ. ಏಕಾಂತವಾದವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ವಿಜ್ಞಾನದಲ್ಲಿಯೂ ಉಂಟು.

ಎದೆಯೊಳಗೆ ಕೈಯಿಟ್ಟ ಕಾಲ

ಹೃದಯವನ್ನು ಮುಟ್ಟಬಾರದೆಂಬುದು 19ನೆಯ ಶತಮಾನದ ಕೊನೆಯವರೆಗೂ ವೈದ್ಯರ ನಿಯಮವೇ ಆಗಿತ್ತು. 1896ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲುಡ್ವಿಗ್ ರೆನ್ ಎಂಬ ವೈದ್ಯರು ಇರಿತದಿಂದ ಗಾಯಗೊಂಡ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದರು. 1923ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ ಅವರು ಕವಾಟ ಕಿರಿದಾದ 12 ವರ್ಷದ ಹುಡುಗಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವಳು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಆದರೆ ಅನಂತರದ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1929ರ ಹೊತ್ತಿಗೆ ಆ ಪ್ರಯತ್ನವನ್ನೇ ಕೈಬಿಡಲಾಯಿತು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಅವರು ಹೃದಯದೊಳಗೆ ಬೆರಳು ಹಾಕಿ ಕವಾಟವನ್ನು ಬಿಡಿಸಿದರು. ರೋಗಿ ಬದುಕಿದಳು, ಆದರೂ ಮುಂದೆ ಯಾವ ವೈದ್ಯರೂ ಅವರ ಬಳಿಗೆ ಅಂಥ ಇನ್ನೊಬ್ಬ ರೋಗಿಯನ್ನು ಕಳುಹಿಸಲಿಲ್ಲ.

1948ರ ಜೂನ್ ತಿಂಗಳಿನಲ್ಲಿ ಫಿಲಡೆಲ್ಫಿಯದ ಚಾರ್ಲ್ಸ್ ಬೈಲಿಯವರು ಮತ್ತೆ ಆ ಬಾಗಿಲನ್ನು ತೆರೆದರು. ಅವರ ಮೊದಲ ನಾಲ್ಕು ರೋಗಿಗಳೂ ತೀರಿಕೊಂಡಿದ್ದರು. ನಾಲ್ಕನೆಯ ರೋಗಿ ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡ ದಿನವೇ ಅವರು ಇನ್ನೊಂದು ಆಸ್ಪತ್ರೆಗೆ ಹೋಗಿ ಐದನೆಯ ರೋಗಿಯನ್ನು ಮೇಜಿನ ಮೇಲೆ ಮಲಗಿಸಿದರು. ಸುದ್ದಿ ಹರಡಿದರೆ ಮುಂದೆ ತಮಗೆ ಅವಕಾಶ ಸಿಗದೆಂಬುದು ಅವರ ಆತುರಕ್ಕೆ ಕಾರಣ. ಐದನೆಯ ರೋಗಿ ಬದುಕಿದಳು. ಆ ದಾರಿಯಲ್ಲಿ ಮುಂದೆ ಲಕ್ಷಾಂತರ ಜನರು ಬದುಕಿದ್ದಾರೆ. ಬೈಲಿಯವರು ಮಾಡಿದ್ದು ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಇಂದಿಗೂ ಸುಲಭವಲ್ಲ.

1953ರಲ್ಲಿ ಜಾನ್ ಗಿಬ್ಬನ್ ಅವರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಮಾಡುವ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಹೃದಯದ ರಂಧ್ರವನ್ನು ಮುಚ್ಚಿದರು. ಅನಂತರದ ಮಕ್ಕಳು ಉಳಿಯದೆ ಹೋದಾಗ ಮನನೊಂದು ಆ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟರು. 1954ರಲ್ಲಿ ಮಿನೆಸೋಟದ ವಾಲ್ಟನ್ ಲಿಲಹೈಯವರು ಯಂತ್ರಕ್ಕೆ ಬದಲಾಗಿ ಮಗುವಿನ ರಕ್ತನಾಳಗಳನ್ನು ತಂದೆಯ ಅಥವಾ ತಾಯಿಯ ರಕ್ತನಾಳಗಳಿಗೆ ಜೋಡಿಸಿದರು. ಹೀಗೆ 45 ಮಂದಿಗೆ ಚಿಕಿತ್ಸೆಯಾಗಿ 28 ಮಂದಿ ಮನೆಗೆ ಮರಳಿದರು; ಆದರೆ ರಕ್ತ ಕೊಡಲು ಮಲಗಿದ್ದ ಒಬ್ಬ ತಾಯಿಯ ಮಿದುಳಿಗೆ ಶಾಶ್ವತ ಹಾನಿಯಾಯಿತು. 1960ರಲ್ಲಿ ಆಲ್ಬರ್ಟ್ ಸ್ಟಾರ್ ಅವರು ಕೃತಕ ಕವಾಟವನ್ನಿಟ್ಟ ಮೊದಲ ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡರೆ, ಎರಡನೆಯವನು ಹತ್ತು ವರ್ಷ ಬದುಕಿದನು. 1967ರ ಡಿಸೆಂಬರ್ 3ರಂದು ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಬೇರೊಬ್ಬರ ಹೃದಯವನ್ನು ಕಸಿ ಮಾಡಿದ ರೋಗಿ 18 ದಿನ ಬದುಕಿದನು. 1977ರಲ್ಲಿ ಜೂರಿಕ್ಕಿನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಎದೆಯನ್ನು ತೆರೆಯದೆಯೇ ಸಣ್ಣ ಬಲೂನಿನಿಂದ ಹೃದಯದ ರಕ್ತನಾಳವನ್ನು ಹಿಗ್ಗಿಸಿದರು.

ಭಾರತದಲ್ಲಿ 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಎನ್. ಗೋಪಿನಾಥ್ ಅವರು ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ನಾಂದಿ ಹಾಡಿದರು. 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಕೆ.ಎಂ. ಚೆರಿಯನ್ ಅವರು ದೇಶದ ಮೊದಲ ಬೈಪಾಸ್ ಮಾಡಿದರು. 1986ರಲ್ಲಿ ಅದೇ ನಗರದಲ್ಲಿ ಮ್ಯಾಥ್ಯೂ ಕಲರಿಕ್ಕಲ್ ಅವರಿಂದ ಮೊದಲ ಆಂಜಿಯೋಪ್ಲಾಸ್ಟಿ ನಡೆಯಿತು. 1994ರ ಆಗಸ್ಟ್ 3ರಂದು ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವೇಣುಗೋಪಾಲ್ ಅವರು ಹೃದಯವನ್ನು ಕಸಿ ಮಾಡಿದರು. ಹೀಗೆ ಒಬ್ಬ ಮನುಷ್ಯನ ಜೀವಿತಾವಧಿಯೊಳಗೆ, ನಿಷ್ಪ್ರತೀಕಾರವಾಗಿದ್ದ ರೋಗಗಳು ಒಂದೊಂದಾಗಿ ಸಪ್ರತೀಕಾರವಾದವು. ಸಮಂತಭದ್ರರ ಗಡಿ ಬಹುದೂರ ಸರಿಯಿತು. ಅದನ್ನು ಸರಿಸಿದವರಲ್ಲಿ ವೈದ್ಯರಷ್ಟೇ ಅಲ್ಲ, ಮೊದಲ ಮೊದಲ ಮೇಜುಗಳ ಮೇಲೆ ತೀರಿಕೊಂಡ ಅನಾಮಧೇಯ ರೋಗಿಗಳೂ ಸೇರಿದ್ದಾರೆ.

ಕವಾಟದ ಪ್ರಶ್ನೆ

ಬಾಲ್ಯದಲ್ಲಿ ಬರುವ ಗಂಟಲು ನೋವಿನ ಸೋಂಕಿನಿಂದ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಹುಟ್ಟಿ, ಅದು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕಿರಿದಾದ ಕವಾಟವನ್ನು ಹಲವು ಸಂದರ್ಭಗಳಲ್ಲಿ ಬಲೂನಿನಿಂದಲೇ ಬಿಡಿಸಬಹುದು. ಜಪಾನಿನ ಕಾಂಜಿ ಇನೊವೆ ಅವರು 1980ರ ದಶಕದಲ್ಲಿ ಬಳಕೆಗೆ ತಂದ ಈ ವಿಧಾನ ಭಾರತದ ಯುವ ರೋಗಿಗಳಿಗೆ ವರವಾಗಿದೆ. ಅದು ಸಾಧ್ಯವಿಲ್ಲದಿದ್ದರೆ ಕವಾಟವನ್ನೇ ಬದಲಿಸಬೇಕು. ಆಗ ಎರಡು ದಾರಿಗಳು. ಒಂದು, ಲೋಹ ಮೊದಲಾದವುಗಳಿಂದ ಮಾಡಿದ ಯಾಂತ್ರಿಕ ಕವಾಟ. ಇನ್ನೊಂದು, ಹಂದಿಯ ಕವಾಟದಿಂದಲೋ ಹಸುವಿನ ಹೃದಯಾವರಣದಿಂದಲೋ ಮಾಡಿದ ಜೈವಿಕ ಕವಾಟ.

ಯಾಂತ್ರಿಕ ಕವಾಟದ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ, ಹೆಮ್ಮೆಯೂ ಇದೆ. 1979ರಿಂದ 1986ರವರೆಗೆ ಜಗತ್ತಿನಾದ್ಯಂತ ಸುಮಾರು 86,000 ಜನರಿಗೆ ಅಳವಡಿಸಿದ ಬ್ಯೋರ್ಕ್–ಶೈಲಿ ಕವಾಟದ ಒಂದು ಮಾದರಿಯಲ್ಲಿ ಬೆಸುಗೆಯ ಕಂಬಿ ಮುರಿಯುವ ದೋಷ ಕಂಡುಬಂತು. ಮುರಿದ ಸಂದರ್ಭಗಳಲ್ಲಿ ಹೆಚ್ಚಿನವು ಮರಣಾಂತಿಕವಾದವು. ಅದೇ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ತಂಡ ಭಾರತೀಯರಿಗೆ ಕೈಗೆಟಕುವ ಕವಾಟವನ್ನು ರೂಪಿಸಲು ಶ್ರಮಿಸುತ್ತಿತ್ತು. ಮೂರು ಮಾದರಿಗಳು ವಿಫಲವಾದವು. ನಾಲ್ಕನೆಯದನ್ನು 1990ರ ಡಿಸೆಂಬರ್ 6ರಂದು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಅಂದಿನಿಂದ ಒಂದು ಲಕ್ಷಕ್ಕೂ ಮೀರಿ ಈ ಕವಾಟಗಳು ಬಳಕೆಯಾಗಿವೆ. ವಲಿಯತ್ತಾನ್ ಅವರು 1993ರಲ್ಲಿ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದು, 2024ರ ಜುಲೈ 17ರಂದು ಅಲ್ಲಿಯೇ ನಿಧನರಾದರು.

ಚಿತ್ರಾ ಕವಾಟದ ಚೌಕಟ್ಟು ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ್ದು, ಬಿಲ್ಲೆ ಪಾಲಿಎಥಿಲೀನಿನದು, ಹೊಲಿಗೆಯ ಉಂಗುರ ಪಾಲಿಯೆಸ್ಟರಿನದು. ಅದರಲ್ಲಿ ಪ್ರಾಣಿಯ ಅಂಗಾಂಶವಿಲ್ಲ. ಹಾಗೆಂದು ಅದನ್ನು ಹಿಂಸೆಯ ಲೇಪವೇ ಇಲ್ಲದ ವಸ್ತುವೆಂದು ಹೇಳುವುದು ಸತ್ಯವಾಗದು. ಅದನ್ನು ಮೊದಲು ಕುರಿಗಳಲ್ಲಿ ಪರೀಕ್ಷಿಸಲಾಗಿತ್ತು. ಯಾವುದೇ ಕವಾಟವನ್ನು ಅಳವಡಿಸುವಾಗಲೂ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಕೊಡಲೇಬೇಕಾಗುತ್ತದೆ. ಅದನ್ನು ಪಡೆಯುವುದು ಮುಖ್ಯವಾಗಿ ಹಂದಿಯ ಕರುಳಿನ ಪೊರೆಯಿಂದ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಅವರು ಆರಂಭಿಸಿದ, ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನ ವೃದ್ಧರಿಗೆ ಬಹು ಉಪಕಾರಿ. ಆದರೆ ಅಂಥ ಕವಾಟಗಳೆಲ್ಲ ಬಹುತೇಕ ಹಸುವಿನ ಅಥವಾ ಹಂದಿಯ ಪೊರೆಯಿಂದಾದವು.

ಶ್ರಾವಕನು ಇಲ್ಲಿ ಏನು ಮಾಡಬೇಕು? ನಮ್ಮ ಆಚಾರ ಗ್ರಂಥಗಳು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ಇರಬೇಕೆಂದೂ ವಿಧಿಸಿವೆ. ಕವಾಟದ ವಿಷಯದಲ್ಲಿ ಯತ್ನಾಚಾರವೆಂದರೆ ಕೇಳುವುದು. ಯಾವ ಕವಾಟ, ಯಾವುದರಿಂದ ಮಾಡಿದ್ದು, ಬೇರೆ ದಾರಿ ಉಂಟೇ, ಆ ದಾರಿಯ ಅಪಾಯವೇನು ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಬೇಕು. ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ. ಆದರೆ ಬದುಕಿರುವವರೆಗೂ ವಾರ್ಫರಿನ್‌ನಂಥ ಔಷಧ ಸೇವಿಸಬೇಕು. ಔಷಧ ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು, ಹೆಚ್ಚಾದರೆ ರಕ್ತಸ್ರಾವವಾಗಬಹುದು, ಗರ್ಭಿಣಿಯಾದಾಗ ತಾಯಿಗೂ ಶಿಶುವಿಗೂ ತೊಡಕುಂಟು. ಜೈವಿಕ ಕವಾಟಕ್ಕೆ ಸಾಮಾನ್ಯವಾಗಿ ಆ ಆಜೀವ ಔಷಧ ಬೇಡ. ಆದರೆ ಅದು ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ಎರಡೂ ದಾರಿಗಳು ಸಮಾನವಾಗಿ ಸುರಕ್ಷಿತವಾಗಿದ್ದರೆ ಪ್ರಾಣಿಜನ್ಯವಲ್ಲದ್ದನ್ನು ಆರಿಸುವುದು ಧರ್ಮ. ಒಂದೇ ದಾರಿ ಉಳಿದಾಗ ಆ ದಾರಿಯನ್ನು ಹಿಡಿದು ಬದುಕಿದವರನ್ನು ನಿಂದಿಸುವುದು ಧರ್ಮವಲ್ಲ. ಭಸ್ಮಕ ವ್ಯಾಧಿಯ ಕಥೆ ಕಲಿಸುವುದು ಇದನ್ನೇ.

ಗಡಿ ಸರಿಯದ ಕಡೆ

ಗಡಿ ದೂರ ಸರಿದಿರುವುದನ್ನು ಕಂಡವರು ಅದು ಇಲ್ಲವೇ ಇಲ್ಲವೆಂದು ಭಾವಿಸುವುದುಂಟು. ಚಿಕಿತ್ಸೆ ಮಾಡಿಸಿದಷ್ಟೂ ಆಯುಷ್ಯ ಎಂಬ ನಂಬಿಕೆ ಈಗ ಮನೆಮನೆಯಲ್ಲಿದೆ. ಇದನ್ನು ಪರೀಕ್ಷಿಸಿದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಹಠಾತ್ ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ಬೇಗನೆ ತೆರೆದರೆ ಪ್ರಾಣ ಉಳಿಯುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ನಡೆದಾಗ ಎದೆನೋವು, ಕುಳಿತಾಗ ಆರಾಮ ಎಂಬ ಸ್ಥಿರ ಸ್ಥಿತಿಯ ರೋಗಿಗಳ ಕಥೆ ಬೇರೆ. 2007ರಲ್ಲಿ ಪ್ರಕಟವಾದ ಕರೇಜ್ ಎಂಬ ಅಧ್ಯಯನದಲ್ಲಿ ಅಂಥ 2,287 ರೋಗಿಗಳಿದ್ದರು. ಔಷಧದೊಂದಿಗೆ ಸ್ಟೆಂಟ್ ಹಾಕಿಸಿಕೊಂಡವರಿಗೂ ಔಷಧ ಮಾತ್ರ ಪಡೆದವರಿಗೂ ಸಾವಿನಲ್ಲಾಗಲಿ ಹೃದಯಾಘಾತದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2020ರ ಇಸ್ಕೀಮಿಯಾ ಅಧ್ಯಯನದ 5,179 ರೋಗಿಗಳಲ್ಲಿ ಸ್ಟೆಂಟ್ ಅಥವಾ ಬೈಪಾಸಿನ ಗುಂಪಿನಲ್ಲಿ 145 ಸಾವು, ಔಷಧದ ಗುಂಪಿನಲ್ಲಿ 144 ಸಾವು ಸಂಭವಿಸಿದವು. ಎದೆನೋವಿನ ಶಮನದಲ್ಲಿ ಮಾತ್ರ ಮೊದಲ ಗುಂಪಿಗೆ ಹೆಚ್ಚು ಲಾಭವಾಯಿತು. ಹೃದಯದ ಎಡ ಮುಖ್ಯ ರಕ್ತನಾಳವೇ ಕಿರಿದಾದವರು, ಹೃದಯ ಬಹಳ ದುರ್ಬಲವಾದವರು ಈ ಲೆಕ್ಕದಲ್ಲಿ ಸೇರಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅವರ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಬೈಪಾಸಿನ ಅನಂತರ ಮೂರು ನಾಲ್ಕು ರೋಗಿಗಳಲ್ಲಿ ಒಬ್ಬರಿಗೆ ಹೃದಯದ ಲಯ ಕೆಲಕಾಲ ತಪ್ಪುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಪಾರ್ಶ್ವವಾಯು ಬರುತ್ತದೆ. ಮೂತ್ರಪಿಂಡಗಳು ಸೋಲುವುದು, ಎದೆಮೂಳೆಯ ಗಾಯದಲ್ಲಿ ಸೋಂಕಾಗುವುದು, ವೃದ್ಧರಲ್ಲಿ ಕೆಲವು ದಿನ ಬುದ್ಧಿಭ್ರಮಣೆಯಾಗುವುದು ಇವೂ ಉಂಟು. ವಯಸ್ಸು, ಸಿಹಿಮೂತ್ರ, ಮೂತ್ರಪಿಂಡದ ದೌರ್ಬಲ್ಯ ಸೇರಿದಂತೆ ಈ ಅಪಾಯಗಳು ಏರುತ್ತವೆ. ಇವು ಹೆದರಿಸುವ ಮಾತುಗಳಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ತೂಗಬೇಕಾದ ಸಂಗತಿಗಳು.

ಬಸವಕಲ್ಯಾಣ, ಹುಮನಾಬಾದುಗಳ ದಾರಿ

ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿಗೂ ಅದರ ಸಮೀಪದ ಬಸವಕಲ್ಯಾಣಕ್ಕೂ ಹೃದಯ ಚಿಕಿತ್ಸೆ ಎಂದರೆ ಬಹುಕಾಲ ಹೈದರಾಬಾದ್ ಅಥವಾ ಸೊಲ್ಲಾಪುರದ ಪ್ರಯಾಣವೇ ಆಗಿತ್ತು. ಹೊಲ ಮಾರಿ ಹೋದವರೂ ಇದ್ದರು, ಹೋಗದೆ ಉಳಿದವರೂ ಇದ್ದರು. ರೋಗ ಸಪ್ರತೀಕಾರವಾಗಿದ್ದರೂ ಬಡವನಿಗೆ ಅದು ನಿಷ್ಪ್ರತೀಕಾರವೇ ಆಗಿತ್ತು.

2010ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಬೀದರ್ ಜಿಲ್ಲೆಯೂ ಸೇರಿದ ಅಂದಿನ ಗುಲ್ಬರ್ಗ ವಿಭಾಗದಲ್ಲಿ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದ ದೊಡ್ಡ ಚಿಕಿತ್ಸೆಗಳು ಉಚಿತವಾದವು. ಯೋಜನೆ ಉತ್ತರ ಕರ್ನಾಟಕಕ್ಕೆ ಹರಡಿದಾಗ, ಅದರ ಗಡಿಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ರೋಗಗಳಿಂದ ಆದ ಸಾವಿನ ಪ್ರಮಾಣ ಸೌಲಭ್ಯವಿದ್ದ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಬಡ ಕುಟುಂಬಗಳಲ್ಲಿ ಶೇ. 0.90 ಎಂದು ಅದು ಕಂಡಿತು. ಒಂದು ರಸ್ತೆಯ ಆಚೆ ಈಚೆ ಎಂಬಷ್ಟರಿಂದಲೇ ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. 2018ರಲ್ಲಿ ಈ ಸೌಲಭ್ಯಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದುಗೂಡಿದವು. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಹುಮನಾಬಾದಿಗೂ ರೈಲು ಬಂತು. 2024ರ ಡಿಸೆಂಬರ್ 22ರಂದು ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಗೊಂಡಿತು. ದಾರಿ ಹತ್ತಿರವಾಯಿತು.

ಆದರೆ ಯೋಜನೆಗಳ ಹಣ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ದಿನಗಳಿಗೆ ಸಲ್ಲುತ್ತದೆ. ಕವಾಟ ಕೂಡಿಸಿಕೊಂಡ ಹೆಣ್ಣುಮಗಳು ಊರಿಗೆ ಮರಳಿದ ಮೇಲೆ ತಿಂಗಳು ತಿಂಗಳೂ ರಕ್ತ ಪರೀಕ್ಷೆ ಮಾಡಿಸಬೇಕು, ಅದರಂತೆ ಮಾತ್ರೆಯ ಪ್ರಮಾಣವನ್ನು ಬದಲಿಸಬೇಕು. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. ಕೂಲಿ ಬಿಟ್ಟು ಬಸ್ಸು ಹಿಡಿಯಲಾಗದೆ ಇವು ತಪ್ಪುತ್ತವೆ. ಸಾವಿರಾರು ರೂಪಾಯಿಯ ಕವಾಟವು ಕೆಲವು ರೂಪಾಯಿಯ ಮಾತ್ರೆಯಿಲ್ಲದೆ ನಿಂತುಹೋಗುತ್ತದೆ.

ನಮ್ಮ ಟ್ರಸ್ಟುಗಳು ಗಮನಿಸಬೇಕಾದ ಸ್ಥಳ ಇದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ನಾವು ಬಹುವಾಗಿ ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಒಂದು ದೊಡ್ಡ ಮೊತ್ತವೆಂದು ತಿಳಿದಿದ್ದೇವೆ. ಫಲಕದ ಮೇಲೆ ಹೆಸರು ಬರೆಸಲು ಅದು ಅನುಕೂಲ. ಅದೇ ಮೊತ್ತದಲ್ಲಿ ಒಂದು ತಾಲ್ಲೂಕಿನ ಹತ್ತಾರು ರೋಗಿಗಳ ರಕ್ತ ಪರೀಕ್ಷೆ, ಪ್ರಯಾಣ, ಮಾತ್ರೆ, ಮಕ್ಕಳ ಚುಚ್ಚುಮದ್ದುಗಳನ್ನು ವರ್ಷವಿಡೀ ನಡೆಸಬಹುದು. ಗಂಟಲು ನೋವಿನಿಂದ ನರಳುವ ಮಗುವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಡಿಸಿದರೆ ಕವಾಟವೇ ಕೆಡದು. ಪ್ರಾಣಿಯ ಕವಾಟವೋ ಲೋಹದ ಕವಾಟವೋ ಎಂಬ ಪ್ರಶ್ನೆಯೂ ಹುಟ್ಟದು. ಅಹಿಂಸೆಗೆ ಇದಕ್ಕಿಂತ ಹತ್ತಿರದ ಹೃದಯ ಚಿಕಿತ್ಸೆ ಬೇರೆ ಇಲ್ಲ.

ಮೊದಲೇ ಆಡಬೇಕಾದ ಮಾತು

ಇನ್ನು ಕೊನೆಯ ಪ್ರಶ್ನೆ. ಗಡಿ ನಿಜವಾಗಿಯೂ ಬಂದಾಗ ಏನು ಮಾಡಬೇಕು? ಮುನಿಯ ಗಡಿ ಬೇರೆ, ಗೃಹಸ್ಥನದು ಬೇರೆ. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರರು ಸಲ್ಲೇಖನ ಕೈಗೊಂಡದ್ದು ದೃಷ್ಟಿ ಮಂದವಾಗಿ, ನಡೆಯುವಾಗ ಜೀವಿಗಳನ್ನು ಕಂಡು ಕಾಪಾಡುವ ವ್ರತ ಅಸಾಧ್ಯವಾದುದರಿಂದ. ಗೃಹಸ್ಥನಿಗೆ ಆ ಅಳತೆ ಹೊಂದದು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರವನ್ನು ಅಪರಾಧವೆಂದಾಗ ಸಮಾಜ ಕಳವಳಗೊಂಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಚಿಕಿತ್ಸೆಯನ್ನು ನಿಲ್ಲಿಸುವ ವಿಷಯ ಇದರಿಂದ ಬೇರೆ, ಎರಡನ್ನೂ ಬೆರೆಸಬಾರದು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಕೃತಕ ಜೀವಾಧಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಎಲ್ಲ ಪ್ರಜೆಗಳಿಗೂ ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು.

ಸಲ್ಲೇಖನಕ್ಕೆ ಎಚ್ಚರ ಬೇಕು, ಸಮತೆ ಬೇಕು, ಗುರುವಿನ ಅನುಮತಿ ಬೇಕು. ಉಸಿರಾಟದ ಯಂತ್ರಕ್ಕೆ ಕಟ್ಟಿ ಅರಿವಿಲ್ಲದೆ ಮಲಗಿಸಿದ ಹಿರಿಯರಿಗೆ ಈ ಮೂರೂ ಇಲ್ಲ. ಕಿವಿಯಲ್ಲಿ ಣಮೋಕಾರ ಹೇಳಲೂ ಹೊರಗಿನವರ ಅನುಮತಿ ಬೇಕಾದ ಕೋಣೆ ಅದು. ಆಗ ಮಕ್ಕಳು ತಮ್ಮ ಅಳುಕಿನಿಂದ, ಲೋಕದ ಮಾತಿನ ಭಯದಿಂದ, ಇನ್ನೊಂದು ಚಿಕಿತ್ಸೆ, ಮತ್ತೊಂದು ಚಿಕಿತ್ಸೆ ಎನ್ನುತ್ತಾರೆ. ಅದರಲ್ಲಿ ಪ್ರೀತಿಯಿದೆ, ನಿಜ. ಆದರೆ ಯಾರ ದೇಹವೋ ಅವರ ಇಚ್ಛೆ ಅಲ್ಲಿ ಇಲ್ಲ.

ಆದುದರಿಂದ ಪ್ರತಿ ಕುಟುಂಬವೂ ಹಿರಿಯರು ಆರೋಗ್ಯದಿಂದಿರುವಾಗಲೇ ಅವರೊಡನೆ ಕುಳಿತು ಮಾತನಾಡಲಿ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ವೈದ್ಯರನ್ನು ಕೇಳಲಿ: ಇದರಿಂದ ಆಯುಷ್ಯ ಹೆಚ್ಚುವುದೋ, ನೋವು ತಗ್ಗುವುದೋ, ಎರಡೂ ಇಲ್ಲವೋ? ಈ ವಯಸ್ಸಿಗೆ ಅಪಾಯವೆಷ್ಟು? ಮಾಡಿಸದಿದ್ದರೆ ಏನಾಗುವುದು? ಮಾಡಿಸಿದ ಮೇಲೆ ಮನೆಯಲ್ಲಿ ನಾವು ಏನನ್ನು ನಡೆಸಿಕೊಂಡು ಹೋಗಬೇಕು? ಉತ್ತರಗಳನ್ನು ಕೇಳಿದ ಮೇಲೆ ನಿರ್ಧಾರ ರೋಗಿಯದೇ ಆಗಲಿ. ಹರೆಯದವರ ರೋಗದಲ್ಲಿ ಧರ್ಮವನ್ನು ಅಡ್ಡ ತರಬಾರದು. ಮುಪ್ಪಿನವರ ರೋಗದಲ್ಲಿ ಮೋಹವನ್ನು ಅಡ್ಡ ತರಬಾರದು. ಗುರುಗಳು ಸಮಂತಭದ್ರರನ್ನು ಚಿಕಿತ್ಸೆಗೆ ಕಳುಹಿಸಿದ್ದೂ, ಸಮಂತಭದ್ರರು ನಮಗೆ ಸಲ್ಲೇಖನದ ಗಡಿಯನ್ನು ಹೇಳಿಕೊಟ್ಟದ್ದೂ ಒಂದೇ ವಿವೇಕದ ಎರಡು ಮುಖಗಳು.